ಮುಂಭಾರ

ನನ್ನ 1964ರ ಫಿಯಟ್ 1100ಡಿ ಕಾರು ತೂಗುವುದು ಹೆಚ್ಚುಕಡಿಮೆ 2000 ಪೌಂಡು, ನಮ್ಮ ಕಡೆಯ ಲೆಕ್ಕದಲ್ಲಿ 900 ಕಿಲೋ. ಅದನ್ನು ಹೊರಲು ಅಂಗಡಿಯವನು ಮೊದಲು ತೋರಿಸಿದ ಕಬ್ಬಿಣದ ಟ್ರೇಲರು ಬರಿಮೈಯಲ್ಲೇ ಅಷ್ಟು ತೂಗುತ್ತಿತ್ತು. ಇವೆರಡನ್ನೂ ಎಳೆಯಲು ಅವನು ಬೆರಳು ಮಾಡಿ ತೋರಿಸಿದ ಪಿಕಪ್ ಟ್ರಕ್ಕು 5000 ಪೌಂಡಿನದು. ಈ ಲೆಕ್ಕವನ್ನು ಒಂದು ಲಕೋಟೆಯ ಬೆನ್ನಿಗೆ ಬರೆದು ಅಡುಗೆಮನೆ ಟೇಬಲ್ಲಿನ ಮೇಲಿಟ್ಟೆ. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ಓದಿದಳು.

"ಜನ ಕಾರು ತಗೊಳ್ಳೋದು ಅದು ನಮ್ಮನ್ನ ಹೊತ್ಕೊಂಡು ಹೋಗ್ಲಿ ಅಂತ ಅಲ್ವಾ?" ಎಂದಳು. "ನಾವೇ ಅದನ್ನ ಹೊತ್ಕೊಂಡು ತಿರುಗೋದಾದ್ರೆ ಒಂದು ಜೊತೆ ಎತ್ತು ತರಬಹುದಿತ್ತು. ಗೊಬ್ಬರನಾದ್ರೂ ಸಿಗ್ತಿತ್ತು."

ನಾವಿರುವುದು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ. ಇಲ್ಲಿ ಹಳೇ ಕಾರಿನ ಹುಚ್ಚನ್ನು ಯಾರೂ ಹುಚ್ಚು ಅನ್ನುವುದಿಲ್ಲ. ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ಯಾರೋ ಒಬ್ಬರು ಕಾರಿನ ಕಂಪನಿಯಲ್ಲಿ ಜೀವ ತೇದವರು. ನಾನೂ ಬಿಡಿಭಾಗಗಳ ಕಂಪನಿಯೊಂದರಲ್ಲಿ ಬ್ರೇಕಿನ ನಕ್ಷೆ ಬರೆಯುತ್ತಲೇ ತಲೆ ನರೆಸಿಕೊಂಡವನು. ಆಗಸ್ಟಿನ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆ. 1995ರಲ್ಲಿ ಫರ್ನ್‌ಡೇಲ್ ಎಂಬ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಲು ಶುರುಮಾಡಿದ್ದು, ಈಗ ಆ ದಿನ ರಸ್ತೆ ದಾಟಬೇಕೆಂದರೆ ಹರಕೆ ಹೊರಬೇಕು. ಮಿಷಿಗನ್ ಸರ್ಕಾರಕ್ಕೂ ಈ ವಿಷಯದಲ್ಲಿ ಮೃದು ಮನಸ್ಸು. 26 ವರ್ಷ ತುಂಬಿದ ಗಾಡಿಗೆ ಚರಿತ್ರೆಯ ನಂಬರ್ ಪ್ಲೇಟು ಕೊಡುತ್ತಾರೆ. ಅದನ್ನು ಹಾಕಿಕೊಂಡ ಕಾರು ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕೂಟ ಇಂಥವಕ್ಕೆ ಮಾತ್ರ ಬೀದಿಗಿಳಿಯಬೇಕು. ಆದರೆ ಆಗಸ್ಟ್ ತಿಂಗಳು ಪೂರ್ತಿ ವಿನಾಯಿತಿ, ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಹಾಗಾಗಿ ನಮ್ಮ ಫಿಯಟ್ ತರಕಾರಿ ತರುವುದು ಶ್ರಾವಣದಲ್ಲಿ ಮಾತ್ರ.

ಮಸ್ಟಾಂಗ್, ಕ್ಯಾಡಿಲಾಕ್ ಬಿಟ್ಟು ಈ ಪುಟಾಣಿ ಫಿಯಟ್ ಯಾಕೆ ಎಂದು ಇಲ್ಲಿನವರು ಕೇಳುತ್ತಾರೆ. ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ. ಬೊಂಬಾಯಿಯಲ್ಲಿ ತಯಾರಾಗಿ, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು 2000ದ ಸುಮಾರಿನವರೆಗೂ ಕಾರ್ಖಾನೆಯಿಂದ ಹೊರಬಂದದ್ದು ಇದೇ ಮೈಕಟ್ಟಿನ ಕಾರು. ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ನನ್ನ ದೊಡ್ಡಪ್ಪನ ಹತ್ತಿರ ಒಂದಿತ್ತು. ಮುಂದಿನ ಸೀಟಿನ ಎಡತುದಿ ನನ್ನದು, ಅದರ ಮೇಲೆ ಬೇರೆ ಯಾರೂ ಹಕ್ಕು ಹೂಡುವಂತಿರಲಿಲ್ಲ. ಅಮೆರಿಕದ ಫಿಯಟ್ಟಿಗೆ ಸ್ಟೀರಿಂಗು ಎಡಕ್ಕೆ. ಹಾಗಾಗಿ ಆಗ ಕಾಲಾಡಿಸಿಕೊಂಡು ಕೂತಿದ್ದ ಜಾಗದಲ್ಲೇ ಕೂತು ಈಗ ನಾನು ಕಾರು ಓಡಿಸುತ್ತೇನೆ. ಬಲಕ್ಕೆ ತಿರುಗಿದರೆ ದೊಡ್ಡಪ್ಪ ಇರಬೇಕಾದಲ್ಲಿ ನನ್ನ ಹೆಂಡತಿ ಇರುತ್ತಾಳೆ. ಆ ಸೀಟಿನಿಂದ ಬರುವ ಟೀಕೆಯಲ್ಲಿ ಮಾತ್ರ ಹೆಚ್ಚೇನೂ ವ್ಯತ್ಯಾಸವಾಗಿಲ್ಲ.

ಟ್ರೇಲರಿನ ಮಾತು ಹುಟ್ಟಿದ್ದು ಹರ್ಷಿಯಿಂದ. ಪೆನ್ಸಿಲ್ವೇನಿಯಾದ ಆ ಚಾಕೊಲೇಟ್ ಊರಿನಲ್ಲಿ 1950ರ ದಶಕದಿಂದಲೂ ಪ್ರತಿ ಅಕ್ಟೋಬರಿನಲ್ಲಿ ಹಳೇ ಕಾರಿನವರ ದೊಡ್ಡ ಸಂತೆ ಸೇರುತ್ತದೆ. ತುಕ್ಕು ಹಿಡಿದ ಹಾರ್ನು, ಜೊತೆ ಕಳೆದುಕೊಂಡ ಹೆಡ್‌ಲೈಟು, ಯಾವ ಕಾರಿನದೆಂದು ಮಾರುವವನಿಗೂ ಗೊತ್ತಿಲ್ಲದ ಹಿಡಿಕೆ, ಎಲ್ಲವೂ ಅಲ್ಲಿ ಸಿಗುತ್ತದೆ. ಕಡೆಯ ದಿನ ಕಾರುಗಳ ಪ್ರದರ್ಶನ. ನಮ್ಮನೆಯಿಂದ ಸುಮಾರು 500 ಮೈಲಿ. ನನ್ನ ಕಾರಿನ ಎಂಜಿನ್ನು 1221 ಸಿಸಿ, ಹುಟ್ಟಿದಾಗ ಇದ್ದ ಕುದುರೆಗಳೇ ಐವತ್ತು ಚಿಲ್ಲರೆ, ಅವುಗಳಲ್ಲಿ ಈಗ ಎಷ್ಟು ಬದುಕಿವೆಯೋ ಲೆಕ್ಕ ಹಾಕಿಲ್ಲ. ಓಹಾಯೋದ ಹೆದ್ದಾರಿಯಲ್ಲಿ 80,000 ಪೌಂಡಿನ ಲಾರಿಯೊಂದು ಹಿಂದೆ ಬಂದು ನಿಂತರೆ ನನ್ನ ಕನ್ನಡಿಯಲ್ಲಿ ಕಾಣುವುದು ಅದರ ಬಂಪರಿನ ಬೋಲ್ಟು ಮಾತ್ರ. ಓಡಿಸಿಕೊಂಡು ಹೋಗುವ ಮಾತೇ ಇಲ್ಲ, ಎತ್ತಿಕೊಂಡೇ ಹೋಗಬೇಕು.

ಹೀಗೆ ಎತ್ತಿಕೊಂಡು ತಿರುಗುವವರ ಬಗ್ಗೆ ಹಳೇ ಕಾರಿನವರಲ್ಲೇ ಒಂದು ತಾತ್ಸಾರ ಉಂಟು. ಟ್ರೇಲರಿನ ಮೇಲೆ ಬಂದಿಳಿದು, ನೆಲಕ್ಕೆ ಟೈರು ಸೋಕಿಸಿ, ಮತ್ತೆ ಟ್ರೇಲರು ಹತ್ತುವ ಕಾರಿಗೆ 'ಟ್ರೇಲರ್ ಕ್ವೀನ್' ಎಂದು ಕೊಂಕು. ನಾನೂ ನಕ್ಕವನೇ. ಮೊಣಕಾಲು ನೋವು ಬರುವವರೆಗೆ ನಗುವುದು ಸುಲಭ.

ಚಳಿಗಾಲ ಪೂರ್ತಿ ಟ್ರೇಲರಿನ ಅಧ್ಯಯನದಲ್ಲೇ ಕಳೆಯಿತು. ಹೊರಗೆ ಕಾರು ತೆಗೆಯುವಂತೆಯೂ ಇರಲಿಲ್ಲ. ಡೆಟ್ರಾಯಿಟ್ ನಗರದ ಕೆಳಗೆ ಸುಮಾರು 1100 ಅಡಿ ಆಳದಲ್ಲಿ ಒಂದು ಉಪ್ಪಿನ ಗಣಿಯಿದೆ; ಚಳಿಗಾಲದಲ್ಲಿ ಮಂಜು ಕರಗಿಸಲೆಂದು ಇಲ್ಲಿನ ರಸ್ತೆಗಳ ಮೇಲೆ ಉಪ್ಪು ಎರಚುತ್ತಾರೆ. ಮೇಲೆ ಕಾರು ಮಾಡುವ ಊರು, ಅಡಿಯಲ್ಲಿ ಕಾರು ತಿನ್ನುವ ಉಪ್ಪು. ಹೊಸ ಕಾರಿಗೆ ಗಿರಾಕಿ ಯಾಕೆ ಕಮ್ಮಿಯಾಗುವುದಿಲ್ಲ ಎಂಬುದು ನನಗೆ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಹೊಳೆದಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಎರಡು ಚಕ್ರದ ಡಾಲಿ. ಕಾರಿನ ಮುಂದಿನ ಗಾಲಿಗಳನ್ನಷ್ಟೇ ಅದರ ಮೇಲೆ ಹತ್ತಿಸುವುದು, ಹಿಂದಿನವು ರಸ್ತೆಯ ಮೇಲೆ ಉರುಳಿಕೊಂಡು ಬರುತ್ತವೆ. ಅಗ್ಗ, ಹಗುರ, ಮೂಲೆಯಲ್ಲಿ ನಿಲ್ಲಿಸಬಹುದು. ಆದರೆ ಫಿಯಟ್ಟಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಗಾಲಿಗೆ. ಅವು ಉರುಳಿದರೆ ಪ್ರೊಪೆಲ್ಲರ್ ಶಾಫ್ಟು ತಿರುಗುತ್ತದೆ, ಅದರ ಜೊತೆ ಗೇರುಪೆಟ್ಟಿಗೆಯ ಹಿಂಬದಿಯೂ. ಎಂಜಿನ್ನು ಮಲಗಿರುವುದರಿಂದ ಒಳಗಿನ ಎಣ್ಣೆ ಎಲ್ಲ ಕಡೆ ಸರಿಯಾಗಿ ಚಿಮ್ಮುವುದಿಲ್ಲ. ಅದಕ್ಕಾಗಿ ಶಾಫ್ಟನ್ನೇ ಬಿಚ್ಚಬೇಕು. ಬೆನ್ನ ಮೇಲೆ ಮಲಗಿ ಶಾಫ್ಟು ಬಿಚ್ಚುವುದು ಮಲಗುವ ತನಕ ಸರಿ, ಏಳುವುದು ಬೇರೆ ಅಧ್ಯಾಯ.

ಆಮೇಲೆ ಮುಚ್ಚಿದ ಟ್ರೇಲರು. ಅದು ಚಕ್ರದ ಮೇಲಿನ ಒಂದು ಮನೆ. ಮಳೆಯಿಲ್ಲ, ಕಲ್ಲು ಸಿಡಿಯುವುದಿಲ್ಲ, ಕಳ್ಳನ ಕಣ್ಣಿಗೂ ಬೀಳುವುದಿಲ್ಲ. 24 ಅಡಿಯದು ಖಾಲಿಯಿದ್ದಾಗಲೇ ಸಾಮಾನ್ಯವಾಗಿ 3500 ಪೌಂಡಿಗೆ ಕಮ್ಮಿಯಿಲ್ಲ; ಎದುರುಗಾಳಿಗೆ ಅಷ್ಟಗಲ ಎದೆ ಒಡ್ಡಿ ನಿಂತಿರುವುದರಿಂದ ಟ್ರಕ್ಕಿನ ಪೆಟ್ರೋಲು ಬಂಕಿನಿಂದ ಬಂಕಿಗೆ ಅಷ್ಟೇ. ಅಗಲದ ಕಾರುಗಳಿಗೆ ಇದರಲ್ಲಿ ಇನ್ನೊಂದು ಫಜೀತಿ. ಕಾರನ್ನು ಒಳಗೆ ಓಡಿಸಿ ನಿಲ್ಲಿಸಿದ ಮೇಲೆ ಬಾಗಿಲು ತೆರೆಯಲು ಜಾಗವೇ ಇರುವುದಿಲ್ಲ. ನನಗೆ ಪರಿಚಯದ ಒಬ್ಬರು ತಮ್ಮ 1959ರ ಕ್ಯಾಡಿಲಾಕನ್ನು ಹೀಗೆ ಹೊಗಿಸಿ, ಕಿಟಕಿಯಿಂದ ತಲೆ, ತೋಳು, ಆಮೇಲೆ ಮಿಕ್ಕದ್ದನ್ನು ಹೊರಗೆ ತರುವುದನ್ನು ನೋಡಿದ್ದೇನೆ. ಹೊಟ್ಟೆಯ ಹತ್ತಿರ ಸ್ವಲ್ಪ ಹೊತ್ತು ಚರ್ಚೆಯಾಯಿತು. ನನ್ನ ಫಿಯಟ್ಟು ಸಪೂರ, ಆ ಕಷ್ಟ ಬರುತ್ತಿರಲಿಲ್ಲ. ಆದರೂ ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಅಷ್ಟು ಚಿಕ್ಕ ಕಾರು, ನೋಡಿದರೆ ಪಾಪ ಅನ್ನಿಸುತ್ತಿತ್ತು.

ಉಳಿದದ್ದು ತೆರೆದ ಟ್ರೇಲರು. ಕಬ್ಬಿಣದ್ದು ಅಗ್ಗ ಮತ್ತು ಭಾರ, ಅಲ್ಯೂಮಿನಿಯಮ್ಮಿನದು ಹಗುರ ಮತ್ತು ಜೇಬಿಗೆ ಭಾರ. ಅಲ್ಯೂಮಿನಿಯಮ್ಮಿನದು 1500 ಪೌಂಡು, ಕಾರು 2000, ಕೂಡಿದರೆ 3500. ನಮ್ಮ ಮಿನಿವ್ಯಾನು ಎಳೆಯಬಲ್ಲೆ ಎಂದು ಕೈಪಿಡಿಯಲ್ಲಿ ಬರೆದುಕೊಂಡಿದ್ದೂ 3500. ಈ ಮೂರೂ ಅಂಕಿ ಒಂದೇ ಗೆರೆಯ ಮೇಲೆ ಬಂದು ನಿಂತ ರಾತ್ರಿ ನನಗೆ ಬಹಳ ಖುಷಿಯಾಗಿತ್ತು, ಟ್ರಕ್ಕಿನ ಖರ್ಚು ಉಳಿಯಿತಲ್ಲ ಎಂದು. ಬೆಳಿಗ್ಗೆ ಎದ್ದಾಗ ಬ್ರೇಕಿನ ಎಂಜಿನಿಯರು ಎಚ್ಚರಗೊಂಡ. ಸ್ಪ್ಯಾನರಿನ ಪೆಟ್ಟಿಗೆ ಎಲ್ಲಿ? ಜಾಕು, ಸ್ಟೆಪ್ನಿ, ಕಟ್ಟುವ ಪಟ್ಟಿಗಳು, ಒಂದು ಕ್ಯಾನು ಪೆಟ್ರೋಲು, ನನ್ನ ಹೆಂಡತಿಯ ಚಪಾತಿ ಡಬ್ಬಿ, ಹರ್ಷಿಯಲ್ಲಿ ನಾನು ಖಂಡಿತ ಕೊಳ್ಳಲಿರುವ ಯಾರಿಗೂ ಬೇಡದ ಹೆಡ್‌ಲೈಟು? ಎಷ್ಟು ಎಳೆಯಬಲ್ಲದೋ ಅಷ್ಟನ್ನೂ ಎಳೆಸುವುದು ಎಂಜಿನಿಯರಿಂಗ್ ಅಲ್ಲ, ಜೀತ.

ಆದ್ದರಿಂದ ಪಿಕಪ್ ಟ್ರಕ್ಕು. ಜಾಹೀರಾತಿನಲ್ಲಿ ಎಲ್ಲ ಟ್ರಕ್ಕುಗಳೂ ಬೆಟ್ಟ ಎಳೆಯುತ್ತವೆ. 12,000 ಪೌಂಡು, 13,000 ಪೌಂಡು ಎಂದು ದಪ್ಪ ಅಕ್ಷರ. ಆ ಅಂಕಿಗಳನ್ನು ಪೂರ್ತಿ ಸುಳ್ಳು ಅನ್ನುವಂತಿಲ್ಲ. ಜೆ2807 ಎಂಬ ಮಾನದಂಡವಿದೆ. ಅದರಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಭಾರ ಕಟ್ಟಿಕೊಂಡು ಹತ್ತಬೇಕು: 11.4 ಮೈಲಿ, 100 ಡಿಗ್ರಿ ಫ್ಯಾರನ್‌ಹೀಟಿನ ಸೆಖೆ, ಏಸಿ ಪೂರ್ತಿ ಹಾಕಿರಬೇಕು, ವೇಗ ಒಂದು ಮಟ್ಟಕ್ಕಿಂತ ಇಳಿಯಬಾರದು. ಓಡಿಸುವವರು ಮತ್ತು ಪಕ್ಕದವರು ತಲಾ 150 ಪೌಂಡು ಎಂದು ಹಿಡಿಯುತ್ತಾರೆ. ನಮ್ಮಿಬ್ಬರಲ್ಲಿ ಒಬ್ಬರು ಆ ಲೆಕ್ಕಕ್ಕೆ ಹೊಂದುತ್ತೇವೆ, ಯಾರು ಎಂದು ಬರೆಯುವ ಧೈರ್ಯ ನನಗಿಲ್ಲ.

ಆದರೆ ನಿಜ ಹೇಳುವುದು ಜಾಹೀರಾತಲ್ಲ, ಚಾಲಕನ ಬಾಗಿಲು ತೆರೆದಾಗ ಕಂಬಕ್ಕೆ ಅಂಟಿಸಿರುವ ಅಂಗೈಯಗಲದ ಚೀಟಿ. ಕೂತವರು ಮತ್ತು ಹೇರಿದ್ದು ಸೇರಿ ಇಷ್ಟು ಪೌಂಡು ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಹದಿಮೂರು ಸಾವಿರ ಎಳೆಯುತ್ತೇನೆಂದ ಟ್ರಕ್ಕಿನ ಚೀಟಿ ಹದಿನೈದು ನೂರಕ್ಕೆ ಮುಗಿದುಬಿಟ್ಟಿರುತ್ತದೆ. ಟ್ರೇಲರಿನ ಮೂತಿ ಹಿಂದಿನಿಂದ ಒತ್ತುವ ಭಾರವೂ ಈ ಹದಿನೈದು ನೂರರಲ್ಲೇ ಸೇರಬೇಕು. ಸಂಸಾರ, ಸಾಮಾನು, ನಾಲ್ಕು ಜನ ಗೆಳೆಯರು ಎಂದು ಹತ್ತಿಸಿಕೊಂಡರೆ ಎಳೆಯುವ ಶಕ್ತಿ ಬೇಕಾದಷ್ಟಿರುತ್ತದೆ, ಹೊರುವ ಶಕ್ತಿ ತೀರಿಹೋಗಿರುತ್ತದೆ. ನಾನು ಹಳೇ ಟ್ರಕ್ಕು ನೋಡಲು ಹೋದ ಕಡೆಯೆಲ್ಲ ಎಂಜಿನ್ನು ತೆರೆಯದೆ, ಟೈರು ಒದೆಯದೆ, ಬಾಗಿಲು ತೆಗೆದು ಕಂಬದ ಮುಂದೆ ಬಗ್ಗಿ ನಿಲ್ಲುತ್ತಿದ್ದೆ. ಮಾರುವವರು ನನ್ನನ್ನು ತೆರಿಗೆಯವನೆಂದು ತಿಳಿದರೇನೋ, ಮಾತು ಕಮ್ಮಿ ಮಾಡುತ್ತಿದ್ದರು.

ಇಷ್ಟು ಓದಿದ ಮೇಲೆ ಇಡೀ ವಿದ್ಯೆಯ ತಿರುಳು ನನಗೆ ಸಿಕ್ಕಿದ್ದು ಮೂತಿಯ ಭಾರದಲ್ಲಿ. ಟ್ರೇಲರು ಮತ್ತು ಹೇರು ಸೇರಿ ಎಷ್ಟು ತೂಗುತ್ತದೋ ಅದರಲ್ಲಿ ನೂರಕ್ಕೆ 10ರಿಂದ 15 ಪಾಲು ಎಳೆಯುವ ಗಾಡಿಯ ಕೊಕ್ಕೆಯ ಮೇಲೆ ಕೂರಬೇಕು. ಅದಕ್ಕಿಂತ ಹೆಚ್ಚಾದರೆ ಟ್ರಕ್ಕಿನ ಬೆನ್ನು ಕುಸಿದು ಮುಂದಿನ ಗಾಲಿಗಳ ಹಿಡಿತ ಸಡಿಲಾಗುತ್ತದೆ. ಕಮ್ಮಿಯಾದರೆ ಇನ್ನೂ ಕೆಟ್ಟದ್ದು. ಹೆದ್ದಾರಿಯ ವೇಗದಲ್ಲಿ ಟ್ರೇಲರು ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಎಡ, ಬಲ, ಮತ್ತೆ ಎಡ, ಪ್ರತಿ ಸಲವೂ ಇನ್ನಷ್ಟು ಅಗಲ. ಕೊನೆಗೆ ಬಾಲವೇ ನಾಯಿಯನ್ನು ರಸ್ತೆಯಾಚೆ ಎಸೆಯುತ್ತದೆ.

ಇದನ್ನು ಓದುತ್ತಿದ್ದಂತೆ ನಮ್ಮ ಮನೆಯ ಎತ್ತಿನ ಗಾಡಿ ಕಣ್ಣಿಗೆ ಕಟ್ಟಿತು. ಕಬ್ಬು ಹೇರಿದ ಮೇಲೆ ಆಳು ಹಗ್ಗ ಬಿಗಿಯುವ ಮೊದಲು ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ಬಿಡುತ್ತಿದ್ದ. ಮುಂಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲು ಒಡೆಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಗಂಟಲು ಹಿಡಿಯುತ್ತದೆ. ಕೈಗೆ ಒಂದಿಷ್ಟು ಭಾರ ಸಿಕ್ಕರೆ ಸರಿ, ಇಲ್ಲವಾದರೆ ನಾಲ್ಕು ಕಟ್ಟು ಹಿಂದಿನಿಂದ ತೆಗೆದು ಮುಂದಕ್ಕೆ. ಜಾತ್ರೆಗೆ ಹೋಗುವಾಗ ಜನ ತುಂಬಿದರೂ ಅದೇ ಶಾಸ್ತ್ರ. ಏರು ಬಂದರೆ "ಎಲ್ಲ ಮುಂದಕ್ ಬನ್ರೋ" ಎಂದು ಕೂಗು, ನಾವು ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ತೆವಳಿಕೊಂಡು ಮೂಕಿಯ ಹತ್ತಿರ. ನಾನು ಇಲ್ಲಿ ಅದನ್ನೇ ಸೇಕಡಾವಾರು ಲೆಕ್ಕದಲ್ಲಿ ಕಲಿತೆ. ಹೇರಿದ್ದರಲ್ಲಿ ನೂರಕ್ಕೆ 60 ಪಾಲು ಅಚ್ಚಿನ ಮುಂದಿರಲಿ, 40 ಹಿಂದೆ.

ಆಳಿಗೆ ಒಂದು ಕೈ ಸಾಕಾಗಿತ್ತು, ಮುಂದೆ ಟ್ರೇಲರು ಕೊಂಡಾಗ ನನಗೆ ಬಚ್ಚಲುಮನೆಯ ತೂಕದ ಯಂತ್ರ ಬೇಕಾಯಿತು. ಮೂತಿಯ 400 ಪೌಂಡನ್ನು ಅದರ ಮೇಲೆ ನೇರ ಇಟ್ಟರೆ ಯಂತ್ರ ಅಪ್ಪಳಿಸಿಹೋಗುತ್ತದೆ. ಅದಕ್ಕೊಂದು ಉಪಾಯವಿದೆ. ಒಂದು ಹಲಗೆಯ ಈ ತುದಿಗೆ ಕೊಳವೆ, ಆ ತುದಿಗೆ ತೂಕದ ಯಂತ್ರ. ಕೊಳವೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ಟ್ರೇಲರಿನ ಮೂತಿ ಇಳಿಸಬೇಕು. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂತಿಯ ಭಾರ. ಬೆಳಿಗ್ಗೆ ಯಂತ್ರ ಹುಡುಕಿಕೊಂಡು ಗ್ಯಾರೇಜಿಗೆ ಬಂದ ಹೆಂಡತಿ ಹಲಗೆಯ ತುದಿಯಲ್ಲಿ ಅದನ್ನು ಕಂಡು, "ಇನ್ಮೇಲೆ ನಾನು ನಿಂತ್ರೂ ಮೂರರಿಂದ ಗುಣಿಸ್ಬೇಕಾ?" ಎಂದಳು.

ಕೊಕ್ಕೆಯ ಗುಂಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2 ಇಂಚಿನದೊಂದು, 2 5/16 ಇಂಚಿನದೊಂದು. ದೊಡ್ಡ ಬಾಯಿಯ ಟ್ರೇಲರು ಚಿಕ್ಕ ಗುಂಡಿನ ಮೇಲೆ ಒಪ್ಪವಾಗಿ ಕೂತ ಹಾಗೆ ಕಾಣುತ್ತದೆ, ಮೊದಲ ಹಳ್ಳದಲ್ಲಿ ಹಾರಿ ಬರುತ್ತದೆ. ಅದಕ್ಕೇ ಎರಡು ಸರಪಳಿ, ಮೂತಿಯ ಕೆಳಗೆ ಕತ್ತರಿ ಹಾಕಿ ಕಟ್ಟಬೇಕು, ಕಳಚಿದ ಮೂತಿ ನೆಲಕ್ಕೆ ಚುಚ್ಚದೆ ಆ ತೊಟ್ಟಿಲಿಗೆ ಬೀಳಲಿ ಎಂದು. ಸರಪಳಿಯೂ ಕೈಕೊಟ್ಟರೆ ಇನ್ನೊಂದು ತಂತಿಯಿದೆ. ಅದು ಕಿತ್ತು ಬಂದ ಕ್ಷಣ ಟ್ರೇಲರಿನದೇ ಪುಟ್ಟ ಬ್ಯಾಟರಿ ಅದರ ಬ್ರೇಕು ಹಿಡಿಯುತ್ತದೆ. ಹಲವು ರಾಜ್ಯಗಳಲ್ಲಿ 3000 ಪೌಂಡು ದಾಟಿದ ಟ್ರೇಲರಿಗೆ ಸ್ವಂತ ಬ್ರೇಕು ಕಡ್ಡಾಯ. ನಾನು ಬ್ರೇಕಿನ ಅನ್ನ ಉಂಡವನು. ಕಡ್ಡಾಯವಿಲ್ಲದ ಕಡೆಯೂ ಇರಲಿ ಅನ್ನುವ ಪಕ್ಷ.

ಹೀಗೆ ಒಂದರ ಹಿಂದೊಂದು ರಕ್ಷಣೆ ಜೋಡಿಸುತ್ತ ಹೋದಂತೆ ದೊಡ್ಡಪ್ಪನ ಊಟಿ ಪ್ರಯಾಣಗಳು ನೆನಪಾಗಿ ನಗು ಬರುತ್ತಿತ್ತು. ಬೇಸಿಗೆಯಲ್ಲಿ ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿ. 36 ಹೇರ್‌ಪಿನ್ ತಿರುವು. ಮೂರು ನಾಲ್ಕು ತಿರುವಿಗೆ ರೇಡಿಯೇಟರು ಕುದಿಯುತ್ತಿತ್ತು. ಕಾರು ನಿಂತಿತೆಂದರೆ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ನಿಗದಿ. ದೊಡ್ಡಮ್ಮ ನೀರಿನ ಹೂಜಿ ತೆಗೆಯುತ್ತಿದ್ದರು, ಅಣ್ಣ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದ, ನನ್ನದು ಕಲ್ಲಿನ ಖಾತೆ. ಕಾರು ನಿಲ್ಲುವ ಮೊದಲೇ ಹಾರಿ, ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಹ್ಯಾಂಡ್‌ಬ್ರೇಕಿನ ಮೇಲೆ ದೊಡ್ಡಪ್ಪನಿಗೆ ನಂಬಿಕೆ ಇರಲಿಲ್ಲ, ನನ್ನ ಮೇಲಿತ್ತು. ಬ್ರೇಕಿನ ಕಂಪನಿಯಲ್ಲಿ ಕೆಲಸಕ್ಕೆ ಸೇರುವ ಎಷ್ಟೋ ಮೊದಲು ನಾನೇ ಬ್ರೇಕಾಗಿದ್ದೆ.

ಇಳಿದು ಬರುವಾಗಲೋ, ಊರ ಹತ್ತಿರವೋ ಪೂರಾ ಕೈಕೊಟ್ಟರೆ ಕಬ್ಬಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟುವುದು. ಆಮೇಲೆ 1989ರಲ್ಲಿ ಬಂದ ರಸ್ತೆ ನಿಯಮಾವಳಿಯಲ್ಲಿ ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಗಂಟೆಗೆ 24 ಕಿಲೋಮೀಟರು ಮೀರಬಾರದು ಎಂದಿತ್ತು. ಆ ಟ್ರ್ಯಾಕ್ಟರಿಗೆ ಕಾನೂನು ಮುರಿಯುವ ಶಕ್ತಿಯೇ ಇರಲಿಲ್ಲ. ಯಾವ ಗದ್ದೆಯಿಂದ ಬಂದರು, ಯಾರ ಮಕ್ಕಳು ಎಂದು ಗೊತ್ತಾಗುವ ಮೊದಲೇ ಹತ್ತು ಜನ ಬೆನ್ನಿಗೆ ಕೈಕೊಟ್ಟು ತಳ್ಳುತ್ತಿದ್ದರು. ಕಾರು ಒಮ್ಮೆ ಕೆಮ್ಮಿ ಹೊತ್ತಿಕೊಂಡರೆ ಎಲ್ಲರೂ ಚಪ್ಪಾಳೆ. ದೊಡ್ಡಪ್ಪ ಬೆಲ್ಲದ ಅಚ್ಚು ಹಂಚುತ್ತಿದ್ದರು. ಹೀಗೆ ತಳ್ಳಿದ ಒಬ್ಬರ ಮನೆಗೆ ಮುಂದೆ ನಮ್ಮ ಅಕ್ಕನನ್ನು ಕೊಟ್ಟದ್ದೂ ಉಂಟು.

ನಾನು ಆ ಚಳಿಗಾಲವೆಲ್ಲ ಕೂಡಿಸಿ ಗುಣಿಸಿ ಕೊಳ್ಳಹೊರಟದ್ದು ಇದೊಂದೂ ಆಗದ ಹಾಗೆ ನೋಡಿಕೊಳ್ಳುವ ಯಂತ್ರವನ್ನು. ಎಲ್ಲೂ ನಿಲ್ಲಬಾರದು, ಯಾರ ಕೈಯೂ ಬೇಕಾಗಬಾರದು. ಇಲ್ಲಿ ಆಗಸ್ಟಿನಲ್ಲಿ ಫಿಯಟ್ಟನ್ನು ಬಂಕಿನಲ್ಲಿ ನಿಲ್ಲಿಸಿದರೆ ಯಾವುದೋ ಊರಿನ ಪಂಜಾಬಿಯೋ ತಮಿಳರೋ ಓಡಿ ಬಂದು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ನಮ್ಮಪ್ಪನ ಹತ್ತಿರ ಇತ್ತು ಎನ್ನುತ್ತಾರೆ, ಪಂಪಿನ ಹತ್ತಿರವೇ ಅರ್ಧ ಗಂಟೆ. ಅದೇ ಕಾರು ಟ್ರೇಲರಿನ ಮೇಲೆ ಗಂಟೆಗೆ 60 ಮೈಲಿಯಲ್ಲಿ ಹೋದರೆ ಯಾರು ಎಲ್ಲಿ ಕೈಯಿಡುವುದು? ಇದನ್ನು ಹೆಂಡತಿಗೆ ಹೇಳಿದೆ. "ಸರಿ, ಹಾಗಾದ್ರೆ ಓಡಿಸ್ಕೊಂಡೇ ಹೋಗೋಣ, ನೀವು ಕಲ್ಲು ತಗೊಳ್ಳಿ" ಎಂದಳು. ನಾನು ಮೊಣಕಾಲು ನೀವಿಕೊಂಡು ಟ್ರೇಲರಿನ ಜಾಹೀರಾತು ಮುಂದುವರಿಸಿದೆ.

ಕೊನೆಗೆ ಸಿಕ್ಕಿದ್ದು ಒಬ್ಬ ಮುದುಕರ ಹಿತ್ತಲಿನಲ್ಲಿ ನಿಂತಿದ್ದ ಅಲ್ಯೂಮಿನಿಯಮ್ ಟ್ರೇಲರು. ಟೈರು ನೋಡಿ, ಹೊಸದೇ ಎಂದರು. ನಿಜ, ಹಲ್ಲೆಲ್ಲ ಹಾಗೇ ಇದ್ದವು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಯಿರುತ್ತದೆ. ಮೊದಲೆರಡು ಹುಟ್ಟಿದ ವಾರ, ಕೊನೆಯೆರಡು ವರ್ಷ. ಟ್ರೇಲರಿನ ಟೈರು ಸಾಮಾನ್ಯವಾಗಿ ಓಡಿ ಸವೆದು ಸಾಯುವುದಿಲ್ಲ. ನಿಂತ ಕಡೆಯೇ ಬಿಸಿಲು ಕುಡಿದು, ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಒಂದು ದಿನ ಹೆದ್ದಾರಿಯಲ್ಲಿ ಢಮಾರ್ ಅನ್ನುತ್ತದೆ. ಇವು ಹತ್ತು ವರ್ಷದ ಹಿಂದಿನವು. ನಿವೃತ್ತಿಯಾದ ಮೇಲೆ ನನಗೆ ಇಂಥ ವಿಷಯಗಳು ಬೇಗ ಅರ್ಥವಾಗುತ್ತವೆ. ನಾಲ್ಕೂ ಟೈರು ಹೊಸದು ಹಾಕಿಸಿದೆ, ಗಾಲಿಯ ಬೇರಿಂಗಿಗೆ ಗ್ರೀಸು ತುಂಬಿದೆ. ಟ್ರಕ್ಕೂ ಬಂತು, ಚೀಟಿಯಲ್ಲಿ 1700 ಎಂದಿದ್ದ, ಬಣ್ಣ ಮಾತ್ರ ಯಾರಿಗೂ ಇಷ್ಟವಾಗದ ಒಂದು ಹಳೇ ಟ್ರಕ್ಕು.

ಹಿಂದಕ್ಕೆ ಬಿಡುವುದು ಕಲಿಯಲು ಒಂದು ಖಾಲಿ ಪಾರ್ಕಿಂಗ್ ಜಾಗ ಹುಡುಕಿಕೊಂಡು ಹೋದೆವು. ಟ್ರೇಲರನ್ನು ಎಡಕ್ಕೆ ಕಳಿಸಬೇಕಾದರೆ ಸ್ಟೀರಿಂಗು ಬಲಕ್ಕೆ ತಿರುಗಿಸಬೇಕು. ತಲೆ ಒಪ್ಪಿದರೂ ಕೈ ಒಪ್ಪುವುದಿಲ್ಲ. ಸ್ಟೀರಿಂಗಿನ ತಳ ಹಿಡಿದುಕೊಂಡು ಟ್ರೇಲರು ಹೋಗಬೇಕಾದ ಕಡೆಗೆ ಕೈ ಸರಿಸಿದರೆ ಸರಿಹೋಗುತ್ತದೆ ಎಂಬುದು ತಿಳಿದವರ ಗುಟ್ಟು. ಚಿಕ್ಕಂದಿನಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರಿನವರು ಎರಡೆರಡು ಟ್ರೇಲರು ಕಬ್ಬು ಕಟ್ಟಿಕೊಂಡು, ಟೇಪ್‌ರೆಕಾರ್ಡರಿನ ಹಾಡಿಗೆ ತಲೆದೂಗುತ್ತ, ಬೀಡಿಯನ್ನೂ ಬಾಯಿಂದ ತೆಗೆಯದೆ ಹಿಂದಕ್ಕೆ ಬಿಡುವುದನ್ನು ನೋಡಿದ್ದೆ. ಅವರ ಮುಂದೆ ಡೆಟ್ರಾಯಿಟಿನ ಈ ಎಂಜಿನಿಯರಿನ ಪದವಿ ಪತ್ರಗಳನ್ನು ನೆನೆದು ನಾಚಿಕೆಯಾಯಿತು. ಹಿಂದೆ ನಿಂತ ಹೆಂಡತಿ ಕೈಸನ್ನೆ ಮಾಡುತ್ತಿದ್ದಳು. ಬಾ ಅನ್ನುವುದಕ್ಕೂ ಸಾಕು ಅನ್ನುವುದಕ್ಕೂ ಒಂದೇ ಸನ್ನೆ, ಮುಖ ನೋಡಿ ತಿಳಿಯಬೇಕು.

ಅಕ್ಟೋಬರಿನಲ್ಲಿ ಹೊರಟೆವು. ಕಾರನ್ನು ಕಟ್ಟುವುದರಲ್ಲೂ ಪಂಗಡಗಳಿವೆ. ಮೈಗೆ ಕಟ್ಟಿ ಬಿಗಿದರೆ ಸ್ಪ್ರಿಂಗು ಕುಗ್ಗಿ ಹಿಗ್ಗಿ ಪಟ್ಟಿ ಸಡಿಲಾಗುತ್ತದೆ. ಅಚ್ಚಿಗೋ ಗಾಲಿಗೋ ಕಟ್ಟಿದರೆ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನು ತೂಗಿಕೊಂಡಿರುತ್ತದೆ. ಫಿಯಟ್ಟಿಗೆ ಬೇರೆ ಚಾಸಿಯೇ ಇಲ್ಲ, ಮೈಯೇ ಬೆನ್ನೆಲುಬು, ಆದ್ದರಿಂದ ನಾನು ಎರಡನೆಯ ಪಂಗಡ. ಮೊದಲ ಕೆಲವು ಮೈಲಿಗೇ ಒಮ್ಮೆ ನಿಲ್ಲಿಸಿ ಪಟ್ಟಿ ಬಿಗಿ ಮಾಡಿದೆ, ಆಮೇಲೆ ನಿಂತ ಕಡೆಯೆಲ್ಲ ಟ್ರೇಲರಿನ ಒಂದೊಂದು ಗಾಲಿಯ ಗುಂಬಕ್ಕೂ ಅಂಗೈ ತಾಗಿಸಿ ಬೇರಿಂಗು ಬಿಸಿಯಾಗಿದೆಯೇ ನೋಡಿದೆ. ಪೆನ್ಸಿಲ್ವೇನಿಯಾದ ಟರ್ನ್‌ಪೈಕಿನಲ್ಲಿ ಅಲಿಗೇನಿ ಬೆಟ್ಟಗಳು, ಸುರಂಗಗಳು. ಟ್ರಕ್ಕು ಉಸಿರೂ ಬಿಡದೆ ಹತ್ತಿತು. ಕನ್ನಡಿಯಲ್ಲಿ ಇಡೀ ದಾರಿ ಫಿಯಟ್ಟಿನ ಮುಖ, ಎರಡು ದುಂಡು ದೀಪ, ಒಳಗೆ ಯಾರೂ ಇಲ್ಲ. ಬಾಲ್ಯವೆಲ್ಲ ಆ ಗಾಜಿನ ಒಳಗಿನಿಂದ ಲೋಕ ನೋಡಿದವನಿಗೆ ಆ ಕಾರು ಎದುರಿನಿಂದ ಇಷ್ಟು ಹೊತ್ತು ನೋಡಸಿಕ್ಕಿದ್ದು ಅದೇ ಮೊದಲು. ಏರು ಬಂದಾಗಲೆಲ್ಲ ನನ್ನ ಕಾಲು ಹಾರಲು ಸಿದ್ಧವಾಗುತ್ತಿತ್ತು.

ಹರ್ಷಿಯ ಪ್ರದರ್ಶನದಲ್ಲಿ ಒಂದು ನಿಯಮವಿದೆ. ಕಾರು ಎಷ್ಟೇ ಸಾವಿರ ಮೈಲಿ ಹೊರಿಸಿಕೊಂಡು ಬಂದಿರಲಿ, ಮೈದಾನದೊಳಕ್ಕೆ ತನ್ನ ಶಕ್ತಿಯಿಂದಲೇ ಓಡಿಕೊಂಡು ಹೋಗಬೇಕು. ಬಹಳ ಒಳ್ಳೆಯ ನಿಯಮ. ನಮ್ಮ ಫಿಯಟ್ಟು ಟ್ರೇಲರಿನಿಂದ ನಗುನಗುತ್ತ ಇಳಿದು, ಸಾಲಿನಲ್ಲಿ ನಿಂತು, ಗೇಟಿಗೆ ಇನ್ನೇನು ನಾಲ್ಕು ಮಾರು ಇದೆ ಅನ್ನುವಾಗ ನಿಂತುಬಿಟ್ಟಿತು. ಕಾರ್ಬುರೇಟರು ಪೆಟ್ರೋಲಿನಲ್ಲಿ ಮುಳುಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ಹುಲ್ಲಿನ ಟೋಪಿ ಹಾಕಿದ ಮಾಡೆಲ್ ಎ ಫೋರ್ಡಿನ ಯಜಮಾನರು ಇಳಿದು ಬಂದರು, ಅವರ ಹಿಂದೆ ಇನ್ನಿಬ್ಬರು, ಯಾರೂ ಏನೂ ಕೇಳಲಿಲ್ಲ, ಬೆನ್ನಿಗೆ ಕೈಯಿಟ್ಟರು. ನನ್ನ ಹೆಂಡತಿಯೂ ಇಳಿದಳು. ತಳ್ಳಲು ಅಂದುಕೊಂಡೆ. ಅವಳು ಪಕ್ಕದ ಅಂಚಿನಲ್ಲಿ ಬಗ್ಗಿ ಏನನ್ನೋ ಎತ್ತಿಕೊಂಡು, "ಕಲ್ಲು ಇಡ್ಲಾ?" ಎಂದು ಕೂಗಿದಳು. ಅದು ಸಮತಟ್ಟು ನೆಲ.

ಕಾರು ಹೊತ್ತಿಕೊಂಡಿತು. ಬೆಲ್ಲ ಇರಲಿಲ್ಲ, ಚಪಾತಿ ಡಬ್ಬಿ ತೆರೆದು ಕೊಟ್ಟೆವು. ಬಹುಮಾನದ ಮಾತು ಬೇಡ.

ಆ ಮೇಲೆ ಟ್ರೇಲರು ಸುಮ್ಮನೆ ಕೂತಿಲ್ಲ, ಆದರೆ ಅದರ ಮೇಲೆ ಫಿಯಟ್ಟು ಕೂತದ್ದು ಕಮ್ಮಿ. ಊರಿನಲ್ಲಿ ಟ್ರಕ್ಕೂ ಟ್ರೇಲರೂ ಎರಡೂ ಇರುವ ಕನ್ನಡಿಗ ಎಂಬ ಸುದ್ದಿ ಹಬ್ಬಿದ ಮೇಲೆ ನನಗೆ ಇದ್ದಕ್ಕಿದ್ದಂತೆ ಗೆಳೆಯರು ಹೆಚ್ಚಿದರು. ಸೋಫಾ, ವಾಷಿಂಗ್ ಮಷೀನು, ಮದುವೆ ಮಂಟಪದ ಕಂಬಗಳು, ಯಾರದೋ ಮಗಳ ಅರಂಗೇಟ್ರಕ್ಕೆ ಬಾಡಿಗೆ ತಂದ ನಟರಾಜ, ಎಲ್ಲ ಅದರ ಮೇಲೆ ಓಡಾಡಿವೆ. ಕೊಕ್ಕೆ ಹಾಕುವ ಮೊದಲು ನಾನು ಪ್ರತಿ ಸಲ ಮೂತಿ ಎತ್ತಿ ನೋಡುತ್ತೇನೆ. ಈಗ ತೂಕದ ಯಂತ್ರ ಬೇಕಾಗುವುದಿಲ್ಲ. ಕೈಗೆ ಅಭ್ಯಾಸವಾಗಿದೆ. ಯಂತ್ರ ಬಚ್ಚಲುಮನೆಗೆ ವಾಪಸಾಗಿದೆ, ತಪ್ಪು ತೋರಿಸುತ್ತದೆ ಎಂದು ಮನೆಯಲ್ಲಿ ದೂರು ಇದೆ.

ಮೊನ್ನೆ ಕನ್ನಡ ಕೂಟದ ಕಾರ್ಯದರ್ಶಿ ಫೋನು ಮಾಡಿದ್ದ, ಬೆಂಗಳೂರಿನ ಹುಡುಗ, ಬಹಳ ಉತ್ಸಾಹಿ. ರಾಜ್ಯೋತ್ಸವಕ್ಕೆ ಸಭಾಂಗಣದ ಹೊರಗೆ ಭುವನೇಶ್ವರಿಯ ಮೆರವಣಿಗೆ ಮಾಡಬೇಕಂತೆ, ನಮ್ಮ ಟ್ರೇಲರೇ ರಥ. ಎಂಟಡಿ ಎತ್ತರದ ಕಮಾನು, ಮುಂದೆ ವಾಲಗದವರು, ಮಧ್ಯೆ ವೇಷ ಹಾಕಿದ ಮಕ್ಕಳು, ಎಲ್ಲರ ಹಿಂದೆ ತುದಿಯಲ್ಲಿ ಎತ್ತರದ ಪೀಠದ ಮೇಲೆ ತಾಯಿ, ಎಲ್ಲರಿಗೂ ಕಾಣೋ ಹಾಗೆ, ಅಲ್ವಾ ಅಂಕಲ್?

"ಪೀಠ ಎಷ್ಟು ತೂಕ?" ಎಂದೆ.

"ಗೊತ್ತಿಲ್ಲ ಅಂಕಲ್. ಸಾಲಿಡ್ ವುಡ್ಡು."

"ತಾಯಿನ ಅಚ್ಚಿಂದ ಮುಂದಕ್ಕೆ ಕೂರ್ಸಿ. ವಾಲಗದವರು ಕೆಳಗಿಳಿದು ನಡ್ಕೊಂಡು ಬರ್ಲಿ."

"ಡಿಸೈನೆಲ್ಲ ಫೈನಲ್ ಆಗ್ಬಿಟ್ಟಿದೆ, ಕಮಿಟಿಲಿ..."

"ಕಮಿಟಿಗೆ ಹೇಳಪ್ಪ, ನೂರಕ್ಕೆ ಅರವತ್ತು ಮುಂದೆ ಅಂತ. ಮತ್ತೆ ಮಕ್ಕಳ ತೂಕ ಬರ್ಕೊಂಡು ಬಾ. ಬಟ್ಟೆ, ಕಿರೀಟ ಎಲ್ಲ ಸೇರ್ಸಿ."